ಎರವಲು ಬಂದ ತಪ್ಪಲೆ

ಪೆಟ್ಟಿಗೆ ಬಂದ ದಿನ ನಾವು ಅದನ್ನು ತೆರೆಯಲಿಲ್ಲ. ವಿಮಾನದ ಹೊಟ್ಟೆಯ ಚಳಿಯಲ್ಲಿ ಬಂದ ಸಾಮಾನನ್ನು ದೋಹಾದ ಸೆಖೆಗೆ ಏಕಾಏಕಿ ಒಡ್ಡಿದರೆ ಲೋಹದ ಮೇಲೆ ನೀರು ಕೂರುತ್ತದೆ, ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಡಬ್ಬಿಯ ಮೇಲೆ ಕೂರುವ ಹಾಗೆ. ಹಾಗಾಗಿ ಅದು ಮರುದಿನದವರೆಗೆ ನಮ್ಮ ವರ್ಕ್‌ಶಾಪಿನ ಎ.ಸಿ. ಕೋಣೆಯಲ್ಲಿ ಮುಚ್ಚಿಕೊಂಡೇ ಕೂತಿತ್ತು. ವರ್ಕ್‌ಶಾಪ್ ಇರುವುದು ಇಂಡಸ್ಟ್ರಿಯಲ್ ಏರಿಯಾದಲ್ಲಿ. ಇಲ್ಲಿ ಎಲ್ಲರ ಬಾಯಲ್ಲೂ ಅದು ಸನಾಯಾ. ಒಂದು ಪಕ್ಕ ಟೈರಿನ ಗೋದಾಮು, ಇನ್ನೊಂದು ಪಕ್ಕ ಅಲ್ಯುಮಿನಿಯಂ ಕಿಟಕಿ ಮಾಡುವವರು. ನಡುವೆ ನಾವು. ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಿಂದ ಪ್ರದರ್ಶನಕ್ಕೆಂದು ಬರುವ ವಸ್ತುಗಳನ್ನು ಇಳಿಸಿಕೊಂಡು, ಅವಕ್ಕೆ ಸ್ಟ್ಯಾಂಡು ಮಾಡಿ, ಗಾಜಿನೊಳಗೆ ಕೂರಿಸಿ, ಮುಗಿದ ಮೇಲೆ ವಾಪಸ್ ಕಳಿಸುವವರು. ಬಂದ ವಸ್ತು ಬಂದಾಗ ಹೇಗಿತ್ತೋ ಹೋಗುವಾಗಲೂ ಹಾಗೆಯೇ ಇರುವಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಆ ಸಲ ಬಂದದ್ದು ಬೆಟ್ಟಗಳ ಒಂದು ಪುಟ್ಟ ದೇಶದ ಕ್ರಾಂತಿಯ ರಾಷ್ಟ್ರೀಯ ಸಂಗ್ರಹಾಲಯದ ವಸ್ತುಗಳು. ದೇಶದ ಹೆಸರು ಇಲ್ಲಿ ಬೇಡ. ಅವರ ಕಟ್ಟಡದ ಚಾವಣಿ ರಿಪೇರಿಯಲ್ಲಿತ್ತು, ಅದು ಮುಗಿಯುವವರೆಗೆ ವಸ್ತುಗಳು ಊರೂರು ತಿರುಗುತ್ತಿದ್ದವು. ಟೈರು ಕೊಯ್ದು ಮಾಡಿದ ಚಪ್ಪಲಿಗಳು, ಬ್ಯಾಟರಿ ರೇಡಿಯೊ, ತೂತು ಬಿದ್ದ ಬಾವುಟ, ಕಾಡಿನಲ್ಲಿ ಅಚ್ಚು ಹಾಕಿದ ಕರಪತ್ರಗಳು. ಇವೆಲ್ಲ ಚಿಕ್ಕ ಪೆಟ್ಟಿಗೆಗಳಲ್ಲಿ ಮೊದಲೇ ಬಂದಿದ್ದವು. ಕೊನೆಯ ದೊಡ್ಡ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ತಾಮ್ರದ ತಪ್ಪಲೆ.

ನಮ್ಮ ಮೈಸೂರು ಕಡೆ ಮದುವೆಮನೆಯಲ್ಲಿ ಹುಳಿ ಕುದಿಸುವ ಕೊಳದಪ್ಪಲೆ ನೋಡಿದವರಿಗೆ ಅದರ ಗಾತ್ರ ಹೇಳಬೇಕಿಲ್ಲ. ಎರಡು ಕಿವಿ, ಅದರಲ್ಲಿ ಒಂದಕ್ಕೆ ತಂತಿ ಸುತ್ತಿ ಕಟ್ಟಿದ್ದರು. ಹೊರಮೈ ಪೂರ್ತಿ ಮಸಿ. ಮಸಿಯೆಂದರೆ ತೆಳ್ಳಗೆ ಬಳಿದ ಹಾಗಲ್ಲ. ಪದರದ ಮೇಲೆ ಪದರ ಕೂತು, ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರಿದಿತ್ತು. ನಮ್ಮಜ್ಜಿ ಸೌದೆ ಒಲೆಗೆ ಪಾತ್ರೆ ಇಡುವ ಮೊದಲು ಅದರ ತಳಕ್ಕೆ ಹಸಿಮಣ್ಣು ಸವರುತ್ತಿದ್ದರು, ಆಮೇಲೆ ಮಸಿ ಸಲೀಸಾಗಿ ಬಿಟ್ಟು ಬರಲಿ ಎಂದು. ಇದಕ್ಕೆ ಯಾರೂ ಏನೂ ಸವರಿರಲಿಲ್ಲ. ನಾನು ಟಾರ್ಚನ್ನು ಓರೆಯಾಗಿ ಹಿಡಿದು ಪ್ರತಿ ಬಿರುಕಿನ ಫೋಟೊ ತೆಗೆದೆ. ಬಣ್ಣದ ಪಟ್ಟಿ, ಅಳತೆಯ ಪಟ್ಟಿ ಪಕ್ಕದಲ್ಲಿಟ್ಟು ಮತ್ತೊಮ್ಮೆ ತೆಗೆದೆ.

ಸ್ಟ್ಯಾಂಡು ಮಾಡುವ ಕಬ್ಬಿಣದ ಕೆಲಸದವನು ಆಗ ರಜೆಯಲ್ಲಿ ಊರಿಗೆ ಹೋಗಿದ್ದ. ಹಾಗಾಗಿ ತಳದ ಅಳತೆ ತೆಗೆಯುವ ಕೆಲಸ ನಮ್ಮ ಬಡಗಿಗೆ ಬಂತು. ಬಂಟ್ವಾಳದ ಕಡೆಯ ಬ್ಯಾರಿ ಅವರು, ನನಗಿಂತ ನಾಲ್ಕಾರು ವರ್ಷ ದೊಡ್ಡವರು. ಇಡೀ ವರ್ಕ್‌ಶಾಪು ಅವರನ್ನು ಕಾಕಾ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆಯುತ್ತಿದ್ದೆ. ಬೇರೆಯವರ ಮುಂದೆ ಅವರು ನನಗೆ ಮೇಡಂ ಎನ್ನುವರು, ಇಬ್ಬರೇ ಇದ್ದರೆ ಅಕ್ಕ. ಅವರು ಪೆಟ್ಟಿಗೆ, ಪೀಠ, ಚೌಕಟ್ಟು ಮಾಡಿದವರೇ ಹೊರತು ಹಳೆಯ ವಸ್ತುಗಳನ್ನು ಮುಟ್ಟಿದವರಲ್ಲ.

"ಕಾಕಾ, ಇದು ಎರವಲು ಬಂದಿರೋದು. ರಟ್ಟು ಕತ್ತರಿಸಿ ತಳದ ಆಕಾರ ತೆಗೀರಿ, ಸಾಕು. ಜೋಪಾನ," ಎಂದೆ.

"ಎರವಲು ಪಾತ್ರೆಯ ವಿಷಯ ನಂಗೆ ಹೇಳ್ತೀರಾ ಅಕ್ಕ? ನಾನು ಹುಟ್ಟಿದ್ದೇ ಅದ್ರಲ್ಲಿ," ಎಂದು ನಕ್ಕರು. ಆ ನಗುವಿನ ಅರ್ಥ ಆಗ ನನಗೆ ಆಗಲಿಲ್ಲ.

ನಾನು ಬೇರೆ ಪೆಟ್ಟಿಗೆಗಳ ಕಾಗದಪತ್ರಕ್ಕೆಂದು ಏರ್‌ಪೋರ್ಟಿನ ಕಾರ್ಗೋ ಕಡೆ ಹೋದೆ. ಅಲ್ಲಿ ಒಂದು ಮುದ್ರೆಗಾಗಿ ಕಾದು ಕಾದು ವಾಪಸ್ ಬರುವಾಗ ಮಧ್ಯಾಹ್ನ ಕಳೆದಿತ್ತು. ಕೋಣೆಯ ಬಾಗಿಲು ತೆಗೆದಾಗ ಮೊದಲು ಬಂದದ್ದು ಹುಣಸೆಹಣ್ಣಿನ ವಾಸನೆ. ಮನೆಯಲ್ಲಿ ಹಬ್ಬದ ಹಿಂದಿನ ದಿನ ಬರುವ ವಾಸನೆ. ಆಮೇಲೆ ಕಂಡಿತು. ತಪ್ಪಲೆಯ ಒಂದು ಪಕ್ಕ, ಎರಡು ಅಂಗೈ ಅಗಲಿಸಿ ಇಟ್ಟರೆ ಮುಚ್ಚುವಷ್ಟು ಜಾಗ, ಹೊಸ ತಾಮ್ರದ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

"ಕಾಕಾ! ಏನ್ರೀ ಇದು?"

"ಒಂದು ಕಡೆ ಮಾತ್ರ ಆದದ್ದು ಅಕ್ಕ. ಉಳಿದದ್ದು ನಾಳೆ ಮಾಡ್ತೇನೆ. ಎಂಥಾ ಮಸಿ ಮಾರಾಯ್ರೆ, ಅರ್ಧ ಪ್ಯಾಕೆಟ್ ಹುಳಿ ಖಾಲಿ!"

"ಯಾರು ಹೇಳಿದ್ರು ನಿಮಗೆ ತೊಳೆಯೋಕೆ?"

"ಯಾರಾದ್ರೂ ಹೇಳ್ಬೇಕಾ? ಎರವಲು ತಂದ ಪಾತ್ರೆ ಅಲ್ವಾ? ಮಸಿ ಹಿಡಿದ ಹಾಗೇ ಜನರ ಮುಂದೆ ಇಡೋದುಂಟಾ? ಹಾಗೇ ವಾಪಸ್ ಕೊಟ್ರೆ ಅವ್ರು ಎಂತ ತಿಳ್ಕೊಳ್ತಾರೆ?"

ನನ್ನ ಮುಖ ನೋಡಿದ ಮೇಲೆ ಅವರ ಕೈಯಲ್ಲಿದ್ದ ಬಟ್ಟೆ ನಿಧಾನವಾಗಿ ಕೆಳಗೆ ಬಂತು. ಅವರ ತಂದೆ ಮದುವೆಮನೆಗಳಿಗೆ ಅಡುಗೆಯ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತಿದ್ದವರು. ಪಾತ್ರೆ ಕಪ್ಪಗೆ ವಾಪಸ್ ಬಂದರೆ ಆ ಮನೆಯವರ ಮರ್ಯಾದೆ ಊರೆಲ್ಲ ಹರಾಜಾಗುತ್ತಿತ್ತಂತೆ. ಪರದೇಶದವರು ನಂಬಿ ಕೊಟ್ಟ ಪಾತ್ರೆಯನ್ನು ಅವರು ತಮಗೆ ಗೊತ್ತಿದ್ದ ಗೌರವ ಕೊಟ್ಟು ನೋಡಿಕೊಂಡಿದ್ದರು.

ಬೈಯುವುದಕ್ಕೆ ಪುರುಸೊತ್ತಿರಲಿಲ್ಲ. ಹುಳಿ ತಾಮ್ರದ ಮೇಲೆ ಉಳಿದರೆ ಕಿಲುಬು ಕಟ್ಟುತ್ತದೆ, ಕಟ್ಟಿದ ಕಿಲುಬು ಪಕ್ಕದ ಮಸಿಯ ಅಡಿಗೂ ಹರಿಯುತ್ತದೆ. ಕೈಗವಸು ಹಾಕಿಕೊಂಡು, ಬಟ್ಟಿ ಇಳಿಸಿದ ನೀರಿನಲ್ಲಿ ಹತ್ತಿಯ ಉಂಡೆ ಅದ್ದಿ, ಹಿಂಡಿ, ಹೊಳೆಯುವ ಜಾಗವನ್ನು ಮಾತ್ರ ಒರೆಸತೊಡಗಿದೆ. ಮಸಿಯ ಅಂಚಿಗೆ ನೀರು ತಾಗಬಾರದು. ಒಂದು ಉಂಡೆ ಒಂದೇ ಸಲ. ಪ್ರತಿ ಸುತ್ತಿಗೆ ಹುಳಿ ಪರೀಕ್ಷಿಸುವ ಕಾಗದದ ಪಟ್ಟಿ ಒತ್ತಿ ನೋಡುವುದು. ಪಟ್ಟಿ ಕೆಂಪು ತಿರುಗುವುದು ನಿಲ್ಲುವವರೆಗೆ ಅದೇ ಕೆಲಸ. ಕಾಕಾ ಪಕ್ಕದಲ್ಲಿ ನಿಂತು ಹತ್ತಿ ಉಂಡೆ ಮಾಡಿ ಕೊಡುತ್ತಿದ್ದರು. ಕೊನೆಗೆ ಸ್ಪಿರಿಟ್ ಒರೆಸಿ, ತಣ್ಣನೆಯ ಗಾಳಿಗೆ ಒಣಗಿಸಿದೆವು.

"ಉಜ್ಜಿದ ಬಟ್ಟೆಗಳೆಲ್ಲ ಎಲ್ಲಿ?" ಎಂದೆ.

"ಡಬ್ಬಕ್ಕೆ ಹಾಕಿದೆ. ಕಸದವ ತಕೊಂಡು ಹೋಗಿ ಹೊರಗಿನ ಡಬ್ಬಕ್ಕೆ ಸುರಿದ."

ಮಸಿ ತಾಮ್ರದ ಮೇಲೆ ಇಲ್ಲದಿದ್ದರೂ ಎಲ್ಲಾದರೂ ಇರಬೇಕು. ಬಿದ್ದುಹೋದ ಚೂರನ್ನೂ ಎತ್ತಿಡುವುದು ನಮ್ಮ ಕೆಲಸದ ರೂಢಿ. ಹೊರಗೆ ಮುನ್ಸಿಪಾಲಿಟಿಯ ದೊಡ್ಡ ಡಬ್ಬ ಕಾದ ಬಾಣಲೆಯ ಹಾಗೆ ಬಿಸಿಲಲ್ಲಿ ನಿಂತಿತ್ತು. ಹಲಗೆಯ ಪೆಟ್ಟಿಗೆಯೊಂದನ್ನು ಮಗುಚಿ ಅದರ ಮೇಲೆ ಹತ್ತಿ, ಚೂಡಿದಾರದ ತೋಳು ಮಡಚಿ, ನಾನೇ ಕೈ ಹಾಕಿದೆ. ಟೈರ್ ಗೋದಾಮಿನ ಹುಡುಗರು ಸಾಲಾಗಿ ನಿಂತು ನೋಡಿದರು.

"ಮೇಡಂಜಿ, ಚಿನ್ನ ಬಿತ್ತಾ?" ಎಂದು ಒಬ್ಬ ಹಿಂದಿಯಲ್ಲಿ ಕೂಗಿದ.

"ಚಿನ್ನಕ್ಕಿಂತ ಜಾಸ್ತಿ. ಬಾ, ನೀನೂ ಹುಡುಕು," ಎಂದೆ. ಬರಲಿಲ್ಲ.

ಕಾಕಾ ಸೊಂಟದವರೆಗೆ ಡಬ್ಬದೊಳಗೆ ಬಗ್ಗಿದರು. ಹಳೆಯ ಬನಿಯನ್ನಿನ ತುಂಡುಗಳು ಒಂದೊಂದಾಗಿ ಮೇಲೆ ಬಂದವು, ಕಪ್ಪಗೆ, ಹುಳಿಯ ಜಿಗುಟು ಹಿಡಿದು. ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಮುಚ್ಚಿ, ಮೇಲೆ ಹೆಸರು ಬರೆದೆ. ಹೆಸರೆಂದರೆ ತಪ್ಪಲೆಯ ಹೆಸರು.

ಮರುದಿನ ಬೆಳಿಗ್ಗೆ ಪ್ರಾಜೆಕ್ಟ್ ಮ್ಯಾನೇಜರ್‌ಗೆ ನಾನೇ ಹೇಳಿದೆ. ಅವನು ಕೂಗಾಡಲಿಲ್ಲ. ಕೋಣೆಗೆ ಬಂದು, ತಪ್ಪಲೆಯ ಸುತ್ತ ಒಂದು ಸುತ್ತು ಹಾಕಿ, ಹೊಳೆಯುವ ಜಾಗದ ಮುಂದೆ ನಿಂತು ಟೈ ಸರಿಮಾಡಿಕೊಂಡ. ಅವನ ಮುಖ ಅದರಲ್ಲಿ ಕಾಣುತ್ತಿತ್ತು.

"ಅವರ ಆಫೀಸರ್ ಇನ್ನೂ ಬಂದಿಲ್ಲ. ಪೇಂಟರ್‌ನ ಕರೀರಿ. ನಾಟಕದ ಬಾಗಿಲಿಗೆ ನೂರು ವರ್ಷದ ತುಕ್ಕು ಹತ್ತಿಸೋ ಮನುಷ್ಯ ಅವನು. ಇದಕ್ಕೊಂದು ಮಸಿ ಹಚ್ಚೋಕಾಗಲ್ವಾ? ಫೋಟೊ ಹೊಸದಾಗಿ ತೆಗೆಯಿರಿ. ಖಲಾಸ್."

"ಆಗಲ್ಲ ಸರ್."

"ಯಾಕಾಗಲ್ಲ?"

"ಅದು ಅವರ ಮಸಿ ಅಲ್ಲ."

ಅವನು ಒಂದು ಕುರ್ಚಿ ಎಳೆದುಕೊಂಡು ಕೂತ. ಅವನ ಮಾತಿನಲ್ಲಿ ಅರ್ಥವಿರಲಿಲ್ಲ ಎಂದು ನಾನು ಹೇಳುವುದಿಲ್ಲ. ವಿಷಯ ಹೊರಗೆ ಹೋದರೆ ಅವರು ಎಲ್ಲ ವಸ್ತುಗಳನ್ನೂ ವಾಪಸ್ ಒಯ್ಯಬಹುದು; ಹಾಲ್ ಖಾಲಿ; ಮುಂದೆ ಯಾವ ದೇಶವೂ ನಮ್ಮನ್ನು ನಂಬುವುದಿಲ್ಲ; ಈ ವರ್ಕ್‌ಶಾಪಿನಲ್ಲಿ ಅನ್ನ ತಿನ್ನುವವರೆಲ್ಲ ಬೀದಿಗೆ. ಹೀಗೆಲ್ಲ ಹೇಳಿ ಕೊನೆಗೆ, "ಹಾಗಾದ್ರೆ ಮಾಡಿದವನ ಹೆಸರು ಬರೆದುಕೊಡಿ. ಇವತ್ತೇ ವೀಸಾ ಕ್ಯಾನ್ಸಲ್ ಮಾಡಿಸಿ, ತಪ್ಪು ಮಾಡಿದವನನ್ನ ಕಳಿಸಿಬಿಟ್ವಿ ಅಂತ ಅವರಿಗೆ ತೋರಿಸೋಣ. ಎರಡರಲ್ಲಿ ಒಂದು. ಬಣ್ಣ ಅಥವಾ ಹೆಸರು," ಎಂದ.

"ಬಣ್ಣಾನೂ ಇಲ್ಲ, ಹೆಸರೂ ಇಲ್ಲ ಸರ್. ಆಗಿದ್ದು ಆದ ಹಾಗೆ ಅವರಿಗೆ ಹೇಳ್ತೀನಿ. ನಮ್ಮ ಮೇಜಿನ ಮೇಲೆ ಆಗಿದ್ದು, ನಾವು ಮಾಡಿದ್ದು."

"ನಾಳೆವರೆಗೆ ಯೋಚನೆ ಮಾಡಿ," ಎಂದು ಎದ್ದ.

ಯೋಚನೆ ಮಾಡಿದೆ, ಸುಳ್ಳೇಕೆ. ಅಲ್ ಮುಂತಜಾ ಬಡಾವಣೆಯ ನಮ್ಮ ಹಳೆಯ ಫ್ಲಾಟಿನಲ್ಲಿ ಬೆಳಿಗ್ಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಾ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಲೆಕ್ಕದ ಆಫೀಸಿನಲ್ಲಿರುವವರು, ಜಗಳವೆಂದರೆ ಮಾರು ದೂರ.

"ನೀನ್ಯಾಕೆ ಮೈಮೇಲೆ ಎಳ್ಕೋತೀಯ? ಒಂದು ಕಡೆ ಮಸಿ ಹೋಯ್ತು, ಇನ್ನೊಂದು ಕಡೆ ಮಸಿ ಬಳೀತಾರೆ. ನಿಂದೇನು ಹೋಯ್ತು ಮಧ್ಯೆ?"

"ರೀ, ನಾಳೆ ಯಾರಾದ್ರೂ ಆ ತಪ್ಪಲೆ ಮುಂದೆ ನಿಂತು ಕಣ್ಣೀರು ಹಾಕ್ತಾರೆ ಅಂದ್ಕೊಳ್ಳಿ. ನಮ್ಮ ಪೇಂಟರ್ ಹಚ್ಚಿದ ಬಣ್ಣಕ್ಕೆ ಹಾಕಿದ ಹಾಗಾಗಲ್ವಾ?"

"ತಪ್ಪಲೆ ಮುಂದೆ ಯಾರೇ ಕಣ್ಣೀರು ಹಾಕ್ತಾರೆ?" ಎಂದರು. ನಾಲ್ಕು ತುತ್ತು ತಿಂದ ಮೇಲೆ ಅವರೇ, "ಕೆಲಸ ಹೋದ್ರೆ ಮೊದಲು ನನಗೆ ಹೇಳು. ಬೇರೆಯವರಿಂದ ಕೇಳೋ ಹಾಗಾಗಬಾರದು," ಎಂದು ಡಬ್ಬಿ ಕಟ್ಟಿಸಿಕೊಂಡು ಹೊರಟರು. ಅವರ ಮಟ್ಟಿಗೆ ಅದು ಒಪ್ಪಿಗೆ.

ವರ್ಕ್‌ಶಾಪಿಗೆ ಬಂದಾಗ ಮ್ಯಾನೇಜರ್ ಇನ್ನೂ ಬಂದಿರಲಿಲ್ಲ, ಆದರೆ ನನ್ನ ಮೇಜಿನ ಮೇಲೆ ಪ್ಲೈವುಡ್ಡಿನ ಒಂದು ತುಂಡು ಇತ್ತು. ಪೇಂಟರ್ ಹಿಂದಿನ ಸಂಜೆಯೇ ಮಾಡಿಟ್ಟು ಹೋದ ಸ್ಯಾಂಪಲ್. ಅದನ್ನು ತಪ್ಪಲೆಯ ಪಕ್ಕ ಹಿಡಿದೆ. ಅದೇ ಕಪ್ಪು, ಅದೇ ಪದರ, ಒಣಗಿದ ಕೆರೆಯ ಅದೇ ಬಿರುಕು. ಟಾರ್ಚನ್ನು ಓರೆ ಹಿಡಿದೆ. ಭೂತಕನ್ನಡಿ ಇಟ್ಟೆ. ಕನ್ನಡಕ ತೆಗೆದು ನೋಡಿದೆ, ಹಾಕಿಕೊಂಡು ನೋಡಿದೆ. ನನಗೆ ವ್ಯತ್ಯಾಸ ತಿಳಿಯಲಿಲ್ಲ. ಇಷ್ಟು ವರ್ಷ ನೋಡುವುದನ್ನೇ ಕೆಲಸ ಮಾಡಿಕೊಂಡವಳಿಗೆ ತಿಳಿಯಲಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ ಎಂದು ಮ್ಯಾನೇಜರ್ ಅಂದುಕೊಂಡದ್ದು ನಿಜವೇ ಆಗಿತ್ತು.

ಅಲ್ಲಿಯವರೆಗೆ ನನಗೆ ಇದ್ದದ್ದು ಮುಜುಗರ, ಭಯ. ಆ ತುಂಡನ್ನು ಕೆಳಗಿಟ್ಟಾಗ ಸಿಟ್ಟು ಬಂತು. ಗೊತ್ತಾಗುವ ಹಾಗಿದ್ದರೆ ಅವರೇ ಕಂಡುಹಿಡಿಯಲಿ ಎಂದು ಬಿಡಬಹುದಿತ್ತು. ಗೊತ್ತಾಗುವುದೇ ಇಲ್ಲ ಎಂದಮೇಲೆ ತಡೆಯಲು ಇದ್ದವಳು ನಾನೊಬ್ಬಳೇ.

ಕಾಕಾ ಬಾಗಿಲಲ್ಲಿ ನಿಂತಿದ್ದರು. "ಅಕ್ಕ, ನಾನೇ ಹೋಗಿ ಹೇಳ್ತೇನೆ. ಎಂತ ಆಗ್ತದೆ? ಊರಿಗೆ ಹೋಗ್ತೇನೆ. ನನ್ನಿಂದ ನಿಮ್ಗೆ ಯಾಕೆ?"

"ಹೇಳೋದಿದ್ರೆ ಪಾತ್ರೆಯವರಿಗೆ ಹೇಳಿ ಕಾಕಾ. ಪಾತ್ರೆ ಈ ಮ್ಯಾನೇಜರ್‌ದಲ್ಲ. ಈಗ ಸ್ಕ್ರೂಡ್ರೈವರ್ ತನ್ನಿ."

ನಾವಿಬ್ಬರೂ ತಪ್ಪಲೆಯನ್ನು ಅದು ಬಂದ ಪೆಟ್ಟಿಗೆಯಲ್ಲೇ ವಾಪಸ್ ಇಟ್ಟೆವು. ಸುತ್ತ ಫೋಮು, ಮೇಲೆ ತೆಳುಕಾಗದ, ಮುಚ್ಚಳ, ಮೂಲೆಮೂಲೆಗೆ ಸ್ಕ್ರೂ. ಕೊನೆಗೆ ಮುಚ್ಚಳಕ್ಕೂ ಪೆಟ್ಟಿಗೆಗೂ ಸೇರಿಸಿ ಸೀಲ್ ಹಾಕಿದೆ. ಸೀಲ್ ಎಂದರೆ ಒಂದು ಪ್ಲಾಸ್ಟಿಕ್ ಪಟ್ಟಿ, ಮೇಲೆ ಸಂಖ್ಯೆ. ಕತ್ತರಿಸದೆ ಬಿಚ್ಚಲಾಗದು, ಕತ್ತರಿಸಿದರೆ ಮತ್ತೆ ಕೂಡಿಸಲಾಗದು. ಆ ಸಂಖ್ಯೆಯ ಫೋಟೊವನ್ನು ಅವರ ಸಂಗ್ರಹಾಲಯಕ್ಕೆ ಕಳಿಸಿ, 'ನಿಮ್ಮ ತಪ್ಪಲೆಗೆ ನಮ್ಮಲ್ಲಿ ಹಾನಿಯಾಗಿದೆ. ನೀವು ಬರುವವರೆಗೆ ಯಾರೂ ಮುಟ್ಟದಂತೆ ಮುಚ್ಚಿದ್ದೇನೆ' ಎಂದು ಬರೆದೆ. ಒಪ್ಪಂದದ ಪ್ರಕಾರ ಹೀಗೆ ಹಾನಿ ತಿಳಿಸಿ ಸೀಲ್ ಮಾಡಿದ ಪೆಟ್ಟಿಗೆಯನ್ನು ಅವರು ಎದುರಿಗಿಲ್ಲದೆ ಯಾರೂ ಒಡೆಯುವಂತಿಲ್ಲ. ನಾನೂ ಇಲ್ಲ, ಮ್ಯಾನೇಜರೂ ಇಲ್ಲ.

ಅವನು ಪೇಂಟರ್‌ನನ್ನು ಕರೆದುಕೊಂಡು ಬಂದ. ಪೇಂಟರ್ ಕೈಯಲ್ಲಿ ಬ್ರಷ್ಷು, ಡಬ್ಬಿ. ಕೋಣೆಯ ನಡುವೆ ಮುಚ್ಚಿದ ಪೆಟ್ಟಿಗೆ, ಅದರ ಪಕ್ಕ ನಾನು.

"ತೆಗೀರಿ ಅದನ್ನ."

"ಸೀಲ್ ಆಗಿದೆ ಸರ್. ನಂಬರ್ ಅವರಿಗೆ ಹೋಗಿದೆ."

"ಯಾರನ್ನ ಕೇಳಿ ಹಾಕಿದ್ರಿ?"

"ಸೀಲ್ ಹಾಕೋದು ನನ್ನ ಕೆಲಸ. ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ."

ಪೇಂಟರ್ ಮೆಲ್ಲನೆ ಬ್ರಷ್ಷನ್ನು ಜೇಬಿಗೆ ಸೇರಿಸಿದ. ಮ್ಯಾನೇಜರ್ ನನ್ನನ್ನು ನೋಡಿದ, ಸೀಲನ್ನು ನೋಡಿದ. "ಈ ಪ್ರಾಜೆಕ್ಟ್ ಮುಗಿದ ಮೇಲೆ ನೀವು ನನ್ನ ಟೀಮಿನಲ್ಲಿ ಇರೋದಿಲ್ಲ. ನೆನಪಿಟ್ಟುಕೊಳ್ಳಿ."

"ಇಟ್ಕೋತೀನಿ ಸರ್," ಎಂದೆ. ಅಂದು ಊಟಕ್ಕೂ ನಾನು ಆ ಕೋಣೆ ಬಿಟ್ಟು ಹೋಗಲಿಲ್ಲ. ಒಳಗೆ ತಿನ್ನುವ ಹಾಗಿಲ್ಲವಾದ್ದರಿಂದ ಬಾಗಿಲ ಹೊಸ್ತಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು, ಕಾಲು ಹೊರಗೆ ಚಾಚಿ, ಚಿತ್ರಾನ್ನ ತಿಂದೆ. ಕಾಕಾ ತಮ್ಮ ಡಬ್ಬಿಯಿಂದ ಮೀನಿನ ತುಂಡು ತೋರಿಸಿ, "ನಿಮ್ಗೆ ಆಗ್ಲಿಕ್ಕಿಲ್ಲ ಅಲ್ವಾ," ಎಂದರು. ಎರಡು ದಿನದ ಮೇಲೆ ಅವರು ಆಡಿದ ಮೊದಲ ತಮಾಷೆ ಅದು.

ಕೊನೆಗೆ ಆ ದೇಶದ ಸಂಗ್ರಹಾಲಯದ ಅಧಿಕಾರಿ ಬಂದಿಳಿದರು. ನಾನು ಯಾರೋ ಸೂಟಿನ ಗಂಡಸನ್ನು ನಿರೀಕ್ಷಿಸಿದ್ದೆ. ಬಂದದ್ದು ನರೆತ ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿದ, ಗಿಡ್ಡನೆಯ, ಅರವತ್ತು ದಾಟಿದ ಹೆಂಗಸು. ನಿಧಾನವಾದ ಇಂಗ್ಲಿಷ್. ಕಾಫಿ ಬೇಡವೆಂದರು. ಸೀಲಿನ ಸಂಖ್ಯೆಯನ್ನು ತಮ್ಮ ಫೋನಿನಲ್ಲಿದ್ದದ್ದಕ್ಕೆ ಹೋಲಿಸಿ ನೋಡಿ, ತಾವೇ ಕತ್ತರಿಸಿದರು. ಮುಚ್ಚಳ ತೆಗೆದಾಗ ಹೊಳೆಯುವ ಪಕ್ಕ ಮೇಲಿತ್ತು. ನಾನು ಬೇಕೆಂದೇ ಹಾಗೆ ಇಟ್ಟಿದ್ದೆ.

ಅವರು ಬಗ್ಗಿ ಆ ಜಾಗದ ಅಂಚನ್ನು ಸುತ್ತಲೂ ನೋಡಿದರು. "ಯಾರು?" ಎಂದರು.

"ನಾವು," ಎಂದೆ. ಆದರೆ ಕಾಕಾ ಅಷ್ಟರಲ್ಲಿ ಮುಂದೆ ಬಂದಿದ್ದರು. ಎದೆಯ ಮೇಲೆ ಕೈಯಿಟ್ಟು, "ಮೀ, ಮೇಡಂ," ಎಂದರು. ಮುಂದಿನದಕ್ಕೆ ಅವರ ಇಂಗ್ಲಿಷ್ ಸಾಲಲಿಲ್ಲ. ಕನ್ನಡದಲ್ಲಿ ಹೇಳಿದರು, ನಾನು ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಬಾಪನ ಬಾಡಿಗೆ ಪಾತ್ರೆಗಳು, ಮದುವೆಮನೆಗಳು, ಎರವಲು ತಂದದ್ದನ್ನು ತಂದದ್ದಕ್ಕಿಂತ ಚೊಕ್ಕ ಮಾಡಿ ಕೊಡುವ ವಾಡಿಕೆ, ಹುಣಸೆಹಣ್ಣು.

ಆಕೆ ಕರಗಲಿಲ್ಲ. "ಬೆಟ್ಟದಲ್ಲಿ ಈ ತಪ್ಪಲೆಯ ಹೊರಮೈ ಉಜ್ಜುವುದು ಅಪರಾಧವಾಗಿತ್ತು, ನಿಮಗೆ ಗೊತ್ತಾ?" ಎಂದರು. "ಉಜ್ಜಿದ ತಾಮ್ರ ಬಿಸಿಲಿಗೆ ಕನ್ನಡಿ. ಬಾಂಬು ಹಾಕುವ ವಿಮಾನದಲ್ಲಿ ಕೂತವನಿಗೆ ಕಾಣುತ್ತದೆ. ಮಸಿ ಉದುರಿದ ಕಡೆ ಅಡುಗೆಯವರು ಮತ್ತೆ ಹೊಗೆ ಹಿಡಿಸುತ್ತಿದ್ದರು. ಜನ ಉಳಿದದ್ದು ಈ ಮಸಿಯಿಂದ."

ಮ್ಯಾನೇಜರ್ ಇದನ್ನೇ ಕಾಯುತ್ತಿದ್ದವನ ಹಾಗೆ ಮುಂದೆ ಬಂದ. ಅವನ ಕೈಯಲ್ಲಿ ಪ್ಲೈವುಡ್ಡಿನ ಆ ತುಂಡು. "ನೋಡಿ ಮೇಡಂ, ಅವರೇ ಮತ್ತೆ ಮತ್ತೆ ಹಿಡಿಸಿದ್ದರಲ್ಲ. ನಾವೂ ಅದನ್ನೇ ಮಾಡಬಹುದು. ಎರಡಕ್ಕೂ ವ್ಯತ್ಯಾಸ ಹೇಳಿ ನೋಡೋಣ."

ಆಕೆ ತುಂಡನ್ನು ಬೆಳಕಿಗೆ ಹಿಡಿದರು. ಒಳ್ಳೆಯ ಕೆಲಸ ಎಂದು ತಲೆಯಾಡಿಸಿದರು ಸಹ. ಆಮೇಲೆ ಆಕೆ ಬಲಗೈಯ ಕೈಗವಸು ಕಳಚಿ, ತೋರುಬೆರಳನ್ನು ಆ ಬಣ್ಣದ ಮೇಲೆ ಒತ್ತಿ ಎಳೆದು, ಬೆರಳನ್ನು ಅವನ ಮುಖದ ಮುಂದೆ ಹಿಡಿದರು. ಬೆರಳು ಚೊಕ್ಕವಾಗಿತ್ತು.

"ನಮ್ಮ ಮಸಿ ಕೈಗೆ ಹತ್ತುತ್ತದೆ," ಎಂದರು. "ಅವರು ವಿಮಾನದ ಕಣ್ಣಿಗೆ ಮರೆಮಾಡಿದರು. ನೀವು ನನ್ನ ಕಣ್ಣಿಗೆ ಮರೆಮಾಡುತ್ತಿದ್ದೀರಿ. ಇದು ನಮ್ಮ ದೇಶದಲ್ಲೇ ನನಗೆ ಬೇಕಾದಷ್ಟು ಸಿಗುತ್ತದೆ, ಅದಕ್ಕೆ ಇಷ್ಟು ದೂರ ಬರಬೇಕಾಗಿರಲಿಲ್ಲ."

ಆಮೇಲೆ ತಪ್ಪಲೆಯ ಅಳತೆ ತೆಗೆಯುತ್ತಾ ಆಕೆ ನನಗೆ ಸ್ವಲ್ಪ ಹೇಳಿದರು. ಅವರ ಸಂಗ್ರಹಾಲಯದ ಮೊದಲ ಕೋಣೆಯ ಫೋಟೊಗಳು ಸರ್ಕಾರ ಬದಲಾದಾಗಲೆಲ್ಲ ಬದಲಾದವಂತೆ. ಒಬ್ಬರ ಮುಖ ದೊಡ್ಡದಾಯಿತು, ಇನ್ನೊಬ್ಬರದು ಕತ್ತರಿಸಿ ಹೋಯಿತು, ಗುಂಪಿನ ಚಿತ್ರದಲ್ಲಿ ನಿಂತಿದ್ದವರ ಜಾಗದಲ್ಲಿ ಮರ ಬೆಳೆಯಿತು. ತಪ್ಪಲೆ ಇದ್ದದ್ದು ಕೊನೆಯ ಕೋಣೆಯಲ್ಲಿ. ಅದಕ್ಕೆ ಮುಖವಿಲ್ಲದ ಕಾರಣ ಯಾರೂ ಅದರ ಗೋಜಿಗೆ ಹೋಗಿರಲಿಲ್ಲ. "ಮೊದಲು ಕೈ ಹಾಕಿದವರು ನೀವು," ಎಂದರು. ಅದು ತಮಾಷೆಯಾಗಿರಲಿಲ್ಲ.

ಅವರ ತೀರ್ಮಾನ ಮೂರು ಮಾತಿನಲ್ಲಿ ಮುಗಿಯಿತು. ತಪ್ಪಲೆ ಪ್ರದರ್ಶನದಲ್ಲಿ ಇರುತ್ತದೆ. ಉಜ್ಜಿದ ಪಕ್ಕ ಜನರ ಕಡೆಗಿರುತ್ತದೆ. ಅದು ಹೇಗಾಯಿತೆಂದು ಪಕ್ಕದ ಫಲಕದಲ್ಲಿ ಇರುತ್ತದೆ. ಮ್ಯಾನೇಜರ್, ಫಲಕಗಳೆಲ್ಲ ಅಚ್ಚಾಗಿವೆ, ಅರಬ್ಬಿಯದು, ಇಂಗ್ಲಿಷಿನದು, ಇನ್ನು ಒಂದಕ್ಷರ ಸೇರಿಸುವುದು ಮಾಫಿ, ಅಂದರೆ ಸಾಧ್ಯವೇ ಇಲ್ಲ, ಎಂದ. ಹಾಗಿದ್ದರೆ ಬಾವುಟ, ರೇಡಿಯೊ, ಚಪ್ಪಲಿ ಎಲ್ಲವನ್ನೂ ನಾಳೆಯೇ ಪೆಟ್ಟಿಗೆಗೆ ಹಾಕಿ ಎಂದರು ಆಕೆ, ದನಿ ಏರಿಸದೆ. ಫಲಕ ಹೊಸದಾಗಿ ಅಚ್ಚಾಯಿತು.

"ಮತ್ತೆ ಇವನು," ಎಂದು ಕಾಕಾ ಕಡೆ ತಿರುಗಿದರು. ಮ್ಯಾನೇಜರ್ ಮುಖ ಗೆಲುವಾಯಿತು. "ನಾನು ಇವನನ್ನು ಕ್ಷಮಿಸಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಪ್ರದರ್ಶನ ಮುಗಿಯುವವರೆಗೆ ತಪ್ಪಲೆಯನ್ನು ಇವನು ಮತ್ತು ಈ ಹೆಂಗಸು ಬಿಟ್ಟು ಬೇರೆ ಯಾರೂ ಮುಟ್ಟಬಾರದು. ಏನು ಮಾಡಬಾರದೆಂದು ಇಲ್ಲಿ ಸರಿಯಾಗಿ ಗೊತ್ತಿರುವುದು ಈಗ ಇವನೊಬ್ಬನಿಗೇ. ಒಪ್ಪಂದದಲ್ಲಿ ಸೇರಿಸಿ."

ನಾನು ಕನ್ನಡದಲ್ಲಿ ಹೇಳಿದೆ. ಕಾಕಾ ಕೇಳಿಸಿಕೊಂಡು, "ಬೈದದ್ದಾ, ಕೆಲಸ ಕೊಟ್ಟದ್ದಾ ಅಕ್ಕ?" ಎಂದರು.

"ಎರಡೂ."

"ಹಾಗಾದ್ರೆ ಆಗ್ಬಹುದು."

ಸ್ಟ್ಯಾಂಡನ್ನು ಕಾಕಾನೇ ಮಾಡಿದರು. ಮೂರು ತೋಳು, ಮೇಲೆ ಬಿಳಿ ಫೆಲ್ಟು. ಕೂರಿಸಿದ ಮೇಲೆ ಉದುರಿದ ಮಸಿಯ ಪುಡಿ ಫೆಲ್ಟಿನ ಮೇಲೆ ಬಿತ್ತು. ಅದನ್ನು ಯಾರೂ ಒರೆಸಲಿಲ್ಲ. ದೀಪ ಹಾಕಿದಾಗ ಉಜ್ಜಿದ ಜಾಗ ಹಾಲಿನ ಆ ತುದಿಯಿಂದಲೂ ಕಾಣುತ್ತಿತ್ತು. ಡಿಸೈನರ್ ಬೆಳಕು ತಗ್ಗಿಸಲು ಹೊರಟಾಗ ಆಕೆ ತಡೆದರು. "ಇರಲಿ ಬಿಡಿ. ಈಗ ಕಾಣಲಿ." ಜನ ಬಂದರು. ಬಾವುಟದ ಮುಂದೆ ಫೋಟೊ ತೆಗೆಸಿಕೊಂಡವರು ತಪ್ಪಲೆಯ ಮುಂದೆ ಬಂದು ಮೊದಲು ತಮ್ಮ ಮುಖ ನೋಡಿಕೊಳ್ಳುತ್ತಿದ್ದರು, ಆಮೇಲೆ ಫಲಕ ಓದುತ್ತಿದ್ದರು, ಆಮೇಲೆ ಮಸಿಯನ್ನು ನೋಡುತ್ತಿದ್ದರು. ಒಂದು ಶುಕ್ರವಾರ ನಮ್ಮ ಯಜಮಾನರೂ ಬಂದರು. ಅತ್ತರೆಂದು ಹೇಳಿದರೆ ಸುಳ್ಳಾಗುತ್ತದೆ. "ಪರವಾಗಿಲ್ಲ ಕಣೇ," ಎಂದರು.

ಮ್ಯಾನೇಜರ್ ತನ್ನ ಮಾತು ಉಳಿಸಿಕೊಂಡ. ಪ್ರದರ್ಶನ ಮುಗಿಯುವ ಮೊದಲೇ ನನ್ನನ್ನು ಸ್ಟೋರಿಗೆ ಹಾಕಿದ. ಸ್ಕ್ರೂ, ಫೋಮು, ಟೇಪು ಎಣಿಸುವ ಕೆಲಸ. ಇದನ್ನು ಬರೆಯುತ್ತಿರುವುದೂ ಅಲ್ಲಿಯ ಮೇಜಿನಲ್ಲೇ. ಆದರೆ ತಪ್ಪಲೆ ವಾಪಸ್ ಕಟ್ಟುವ ದಿನ ಅವನು ನನ್ನನ್ನು ಕರೆಸಲೇಬೇಕಾಯಿತು. ಒಪ್ಪಂದದಲ್ಲಿ ಹಾಗಿತ್ತು.

ಆಕೆಯೂ ಬಂದಿದ್ದರು. ನಾನು ಮೊದಲ ದಿನದ ಫೋಟೊಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಬಿರುಕು ಹೋಲಿಸಿದೆ. ಉಜ್ಜಿದ ಜಾಗ ಸ್ವಲ್ಪ ಮಂಕಾಗಿ ಕಂದು ತಿರುಗಿತ್ತು, ಕಿಲುಬು ಕಟ್ಟಿರಲಿಲ್ಲ. ಪೆಟ್ಟಿಗೆಯೊಳಗೆ ಇಳಿಸಿದೆವು. ತೆಳುಕಾಗದ ಮುಚ್ಚುವ ಹೊತ್ತಿಗೆ ಕಾಕಾ ಕೈ ತಡೆದರು.

"ಖಾಲಿ ಪಾತ್ರೆ ಕಳಿಸೋದುಂಟಾ ಅಕ್ಕ?"

ಅದು ನನಗೂ ಗೊತ್ತಿದ್ದ ಮಾತು. ನಮ್ಮಮ್ಮ ಪಕ್ಕದ ಮನೆಯ ಲೋಟವನ್ನೂ ನಾಲ್ಕು ಕಾಳು ಸಕ್ಕರೆ ಹಾಕದೆ ವಾಪಸ್ ಕೊಟ್ಟವರಲ್ಲ. "ಅಕ್ಕಿ, ಸಕ್ಕರೆ ಏನೂ ಹಾಕೋ ಹಾಗಿಲ್ಲ ಕಾಕಾ. ಹುಳ ಬರುತ್ತೆ," ಎಂದೆ.

"ಅಕ್ಕಿ ಎಂತಕ್ಕೆ?" ಎಂದು ಅವರು ಕಪಾಟಿನತ್ತ ಹೋಗಿ, ಬಾಯಿ ಮುಚ್ಚಿದ ಆ ಪ್ಲಾಸ್ಟಿಕ್ ಚೀಲ ತಂದರು. ಬನಿಯನ್ನಿನ ಕಪ್ಪು ತುಂಡುಗಳು. ಅವನ್ನು ತಪ್ಪಲೆಯೊಳಗೆ, ನಡುಮಧ್ಯಕ್ಕೆ ಇಟ್ಟರು.

"ಅದು ಬೇರೆ ಲಕೋಟೆಯಲ್ಲಿ ಹೋಗಬೇಕಾದದ್ದು," ಎಂದರು ಆಕೆ. "ಇದರೊಳಗೆ ಯಾಕೆ?"

ಕಾಕಾ ನನ್ನ ಕಡೆ ನೋಡಲಿಲ್ಲ. ಈ ತಿಂಗಳುಗಳಲ್ಲಿ ಕಲಿತ ಇಂಗ್ಲಿಷಿನಲ್ಲಿ ತಾವೇ ಹೇಳಿದರು, ನಿಮ್ಮ ಮಸಿ, ನಿಮ್ಮ ಪಾತ್ರೆ. ನಮ್ಮಲ್ಲಿ ಖಾಲಿ ಕೊಡುವುದಿಲ್ಲ.

ಆಕೆ ತಪ್ಪಲೆಯೊಳಗೆ ಬಗ್ಗಿ ಚೀಲವನ್ನು ನೋಡಿದರು. ತೆಗೆಯಲಿಲ್ಲ. ಬಗ್ಗಿದವರು ಹಾಗೆಯೇ, ಫೋಮು ಸರಿದ ಕಡೆ ತಮ್ಮ ಕೈಯಿಂದಲೇ ಒತ್ತಿ ಸರಿಮಾಡಿ, ಮುಚ್ಚಳ ಇಡಿ ಎಂದು ಕೈಸನ್ನೆ ಮಾಡಿದರು. ನಾನು ಸೀಲ್ ಎಳೆದೆ.